ಮರೋನ್‌ಳ ಅಂಚೆಪೆಟ್ಟಿಗೆ
ದೇವರು ಶಕ್ತಿ ಕೊಟ್ಟ ಮಾತ್ರಕ್ಕೆ ಅಪ್ಪ-ಅಮ್ಮನ ಕಾಗದ ಬಂದುಬಿಡುವುದಿಲ್ಲ. ಅರಿನಾ ತಾನೆಮುರಾ 1998ರಿಂದ 2000ದವರೆಗೆ ಜಪಾನಿನ ‘ರಿಬೋನ್’ ಮಾಸಿಕದಲ್ಲಿ ಧಾರಾವಾಹಿಯಾಗಿ ಬರೆದು ಚಿತ್ರಿಸಿದ ‘ಕಾಮಿಕಾಝೆ ಕೈತೋ ಜಾನ್’ ಮಾಂಗಾ ನನ್ನ ಮನಸ್ಸಿನಲ್ಲಿ ಉಳಿದಿರುವುದು ಇದಕ್ಕೇ. ಹೈಸ್ಕೂಲು ಹುಡುಗಿ ಮರೋನ್ ಕುಸಕಾಬೆ ಫ್ರಾನ್ಸಿನ ಜೋನ್ ಆಫ್ ಆರ್ಕ್‌ಳ ಪುನರ್ಜನ್ಮ. ವೇಷ ಬದಲಿಸಿ ‘ಜಾನ್’ ಆದಳೆಂದರೆ, ಚಿತ್ರಪಟಗಳಲ್ಲಿ ಅವಿತು ಒಡೆಯರ ಮನಸ್ಸು ಕೆಡಿಸುವ ದೆವ್ವಗಳನ್ನು ಹಿಡಿದು ಚದುರಂಗದ ಕಾಯಿಗಳನ್ನಾಗಿ ಮಾಡುತ್ತಾಳೆ. ಊರಿನ ಕಣ್ಣಿಗೆ ಅದು ಶುದ್ಧ ಕಳ್ಳತನ. ಅವಳನ್ನು ಹಿಡಿದೇ ತೀರುತ್ತೇನೆಂದು ಹಟ ತೊಟ್ಟವಳು ಜೀವದ ಗೆಳತಿ, ಪೊಲೀಸ್ ಪತ್ತೇದಾರನ ಮಗಳು ಮಿಯಾಕೋ. ಪುಟದ ತುಂಬ ರಿಬ್ಬನ್ನು, ಹಾರಾಡುವ ಕೂದಲು, ಅರ್ಧ ಮುಖ ತುಂಬುವ ಕಣ್ಣುಗಳು. ಇಷ್ಟೆಲ್ಲ ವೈಭವದ ನಡುವೆ, ಒಂಟಿಯಾಗಿ ಬದುಕುವ ಮರೋನ್ ಅಂಚೆಪೆಟ್ಟಿಗೆ ತೆರೆದು, ಬರಿದಾಗಿರುವುದನ್ನು ಕಂಡು, ಮತ್ತೆ ಮುಚ್ಚುತ್ತಾಳೆ. ಯಾವ ಹೋರಾಟದ ಚಿತ್ರಕ್ಕೂ ಇಷ್ಟು ಬಲವಿಲ್ಲ. ದೆವ್ವಗಳು ಹುಡುಕುವುದೂ ಇಂಥ ದುರ್ಬಲ ಮನಸ್ಸುಗಳನ್ನೇ ಎಂಬುದು ನೆನಪಾದಾಗ ಅವಳ ಬಗ್ಗೆ ನಿಜಕ್ಕೂ ಭಯವಾಗುತ್ತದೆ. ಅವಳು ಪೂರ್ತಿ ನಂಬಿದ ಪುಟ್ಟ ದೇವದೂತೆ ಫಿನ್‌ಳ ಗುಟ್ಟು ಬಯಲಾಗುವ ಅಧ್ಯಾಯದಲ್ಲಂತೂ ಆ ಭಯ ನಿಜವೇ ಆಗಿಬಿಡುತ್ತದೆ.