ಎರಡು ವರ್ಷದ ಕಾರು

ಕಾರು ಕೊಳ್ಳುವುದೆಂದರೆ ನಮ್ಮಲ್ಲಿ ಇಂದಿಗೂ ಮನೆ ಕಟ್ಟಿಸುವುದಕ್ಕೂ ಮದುವೆ ಮಾಡುವುದಕ್ಕೂ ಸಮನಾದ ಕಾರ್ಯ. ಹಿರಿಯರನ್ನು ಕೇಳಬೇಕು, ಬ್ಯಾಂಕನ್ನು ಕೇಳಬೇಕು, ಬಣ್ಣದ ವಿಷಯದಲ್ಲಿ ಮನೆಯವರನ್ನೂ ಮುಹೂರ್ತದ ವಿಷಯದಲ್ಲಿ ಪುರೋಹಿತರನ್ನೂ ಕೇಳಬೇಕು. ಇಷ್ಟೆಲ್ಲ ಆದ ಮೇಲೆ ಬಂದ ಗಾಡಿ ಬಾಳಿನ ಬಹುಭಾಗ ಬಾಗಿಲಲ್ಲೇ ನಿಂತಿರಬೇಕೆಂಬುದು ನಮ್ಮ ನಿರೀಕ್ಷೆ. ಹೀಗಿರುವಾಗ, ಹಳೆಯದೊಂದು ಚಿಕ್ಕ ಕಾರನ್ನು ಸ್ವಲ್ಪ ಹಣಕ್ಕೆ ಕೊಂಡು, ಎರಡು ವರ್ಷ ಸಂತೋಷದಿಂದ ಓಡಿಸಿ, ಮತ್ತೊಬ್ಬರ ಕೈಗೆ ಒಪ್ಪಿಸುವುದು ವಿವೇಕದ ಕೆಲಸವೆಂದು ವಾದಿಸಹೊರಟರೆ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೂ ವಾದಿಸುತ್ತೇನೆ. ಏಕೆಂದರೆ ನಾನಿರುವ ಊರು ಬೀದರ. ಈ ವಾದಕ್ಕೆ ಬೀದರಿಗಿಂತ ತಕ್ಕ ಊರು ಸುಲಭವಾಗಿ ಸಿಕ್ಕಲಾರದು.

ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು ದೂರ, ನಾಡಿನ ನೆತ್ತಿಯ ಮೇಲೆ ಕುಳಿತಿರುವ ಊರಿದು. ಅಧ್ಯಾಪಕರು, ವೈದ್ಯರು, ಬ್ಯಾಂಕಿನ ನೌಕರರು ಇಲ್ಲಿಗೆ ವರ್ಗವಾಗಿ ಬರುತ್ತಾರೆ. ಅವರಲ್ಲಿ ಅನೇಕರಿಗೆ ಈ ವರ್ಗಾವಣೆ ಒಂದು ಶಿಕ್ಷೆಯಂತೆ ತೋರುತ್ತದೆ. ಪೆಟ್ಟಿಗೆ ಬಿಚ್ಚುವ ಮೊದಲೇ ದಿನ ಎಣಿಸತೊಡಗುತ್ತಾರೆ. ಇವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ತಪ್ಪದೆ ಬರುತ್ತದೆ: 'ಗಾಡಿ ಬೇಕೇ? ಬೇಕಾದರೆ ಎಂಥದು?' ಭಾಲ್ಕಿಗೆ ರೈಲುಂಟು. ಔರಾದಕ್ಕೆ ಅದೂ ಇಲ್ಲ. ಬಸ್ಸುಗಳಿವೆ, ನಿಜ, ಆದರೆ ಬಸ್ಸು ನಮ್ಮನ್ನು ಕೆಲಸಕ್ಕೆ ಒಯ್ಯುತ್ತದೆಯೇ ಹೊರತು ಊರನ್ನು ತೋರಿಸುವುದಿಲ್ಲ. ಎರಡು ಗಾಲಿಯ ವಾಹನವೂ ಆದೀತು, ಆದರೆ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ನಲವತ್ತು ಕಿಲೋಮೀಟರು ಹೋಗಿ ಬಂದವರಿಗೆ ಅದರ ಗುಣಗಾನ ಮಾಡುವ ಶಕ್ತಿ ಉಳಿದಿರುವುದಿಲ್ಲ. ಇನ್ನು ಎರಡು ವರ್ಷದ ವಾಸಕ್ಕಾಗಿ ಏಳು ವರ್ಷದ ಸಾಲ ಮಾಡಿ ಹೊಸ ಕಾರು ತರುವುದು, ಛತ್ರದಲ್ಲಿ ಒಂದು ರಾತ್ರಿ ಮಲಗುವುದಕ್ಕೆ ಮಂಚ ಮಾಡಿಸಿದಂತೆ.

ಲೆಕ್ಕವನ್ನೇ ನೋಡೋಣ. ಹೊಸ ಕಾರು ತನ್ನ ಬೆಲೆಯ ದೊಡ್ಡ ಪಾಲನ್ನು ಮೊದಲ ಕೆಲವು ವರ್ಷಗಳಲ್ಲೇ ಕಳೆದುಕೊಳ್ಳುತ್ತದೆ. ಹಳೆಯ ಕಾರಾದರೋ, ಕಳೆದುಕೊಳ್ಳಬೇಕಾದುದನ್ನು ಆಗಲೇ ಬೇರೆಯವರ ಮನೆಯಲ್ಲಿ ಕಳೆದುಕೊಂಡು ಬಂದಿರುತ್ತದೆ. ನಮ್ಮ ರಾಜ್ಯದ ಜೀವಾವಧಿ ತೆರಿಗೆಯನ್ನೂ ಮೊದಲ ಯಜಮಾನನೇ ತೆತ್ತಿರುತ್ತಾನೆ. ಒಂದು ಲಕ್ಷಕ್ಕೆ ಕೊಂಡ ಗಾಡಿಯನ್ನು ಎರಡು ವರ್ಷದ ಮೇಲೆ ಎಪ್ಪತ್ತು ಸಾವಿರಕ್ಕೆ ಮಾರಿದಿರೆಂದು ಇಟ್ಟುಕೊಳ್ಳಿ. ನಷ್ಟ 30,000, ತಿಂಗಳಿಗೆ 1,250 ರೂಪಾಯಿ. ರಿಪೇರಿಗೆ ಅಷ್ಟೇ ಮೊತ್ತವನ್ನು ತೆಗೆದಿಟ್ಟರೂ ಹೊಸ ಕಾರಿನ ಮಾಸಿಕ ಕಂತಿನ ಹತ್ತಿರ ಅದು ಸುಳಿಯುವುದಿಲ್ಲ. ಆದರೆ ರಿಪೇರಿಯ ಹಣವನ್ನು ಗಾಡಿಯ ಬೆಲೆಯೊಡನೆ ಮೊದಲ ದಿನವೇ ಸೇರಿಸಿ ಎಣಿಸಬೇಕು. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿದವನು ಮೊದಲ ಸಲ ಕ್ಲಚ್ಚು ಸವೆದಾಗಲೇ ಅದರ ವೈರಿಯಾಗುತ್ತಾನೆ.

ಅಗ್ಗವಾದುದೆಲ್ಲ ಸಂತೋಷದಾಯಕವಲ್ಲ. ಇಲ್ಲಿ ಎರಡು ಬಗೆಯ ಆಸೆಗಳು ಮನುಷ್ಯನನ್ನು ಕಾಡುತ್ತವೆ. ಒಂದು, ಸಿರಿವಂತರು ಬಿಟ್ಟ ದೊಡ್ಡ ವಿದೇಶೀ ಕಾರು. ಹೈದರಾಬಾದಿನಲ್ಲಿ ಅದು ಹೊಸ ಆಲ್ಟೊದ ಬೆಲೆಗೇ ದೊರೆಯಬಹುದು. ಆದರೆ ಅದರ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ಆನೆಯನ್ನು ಅಗ್ಗಕ್ಕೆ ಕೊಂಡವನಿಗೆ ಮೇವು ಅಗ್ಗವಾಗುವುದಿಲ್ಲ. ಎರಡನೆಯದು, ನೆನಪಿನ ಮೋಹ: ಪ್ರೀಮಿಯರ್ ಪದ್ಮಿನಿ, ಅಂಬಾಸಡರು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕಿಂತ ಬಹಳ ಮೊದಲೇ. ಅವನ್ನು ಸಾಕುವವರ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಜೀವಮಾನದ ವ್ರತ. ಎರಡು ವರ್ಷದ ಅತಿಥಿಗೆ ಹೇಳಿದ ಮಾತಲ್ಲ.

ನನ್ನ ಆಯ್ಕೆ ಚಿಕ್ಕ, ಹಗುರ, ಎಲ್ಲ ಮಿಸ್ತ್ರಿಗಳಿಗೂ ಪರಿಚಿತವಾದ ಗಾಡಿ. ಮಾರುತಿ 800 ಎಂಬುದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದಾಗ ಅದರ ಬೆಲೆ ಐವತ್ತು ಸಾವಿರಕ್ಕಿಂತ ಕಡಿಮೆ. ಮೂರು ಸಿಲಿಂಡರು, 796 ಘನ ಸೆಂಟಿಮೀಟರಿನ ಎಂಜಿನ್ನು. ತೂಕ ಏಳುನೂರು ಕಿಲೋಗ್ರಾಮಿನೊಳಗೆ. 2010ರಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಬೆಂಗಳೂರು, ಹೈದರಾಬಾದು ಮೊದಲಾದ ಮಹಾನಗರಗಳಲ್ಲಿ ಅದರ ಮಾರಾಟ ನಿಂತಿತು. ನಮ್ಮಂಥ ಊರುಗಳಲ್ಲಿ ಮುಂದೆಯೂ ನಡೆದು, 2014ರ ಆರಂಭದಲ್ಲಿ ತಯಾರಿಕೆಯೇ ಮುಗಿಯಿತು. ಆದ್ದರಿಂದ ಕೊನೆಯ ವರ್ಷಗಳ 800 ಬೇಕಾದವರು ರಾಜಧಾನಿಗಳಲ್ಲಿ ಹುಡುಕುವುದಕ್ಕಿಂತ ಬೀದರ ಭಾಲ್ಕಿಗಳಲ್ಲಿ ಹುಡುಕುವುದು ಲೇಸು. ಇನ್ನಷ್ಟು ಚುರುಕು ಬೇಕೆನ್ನುವವರಿಗೆ 1993ರಲ್ಲಿ ಬಂದ ಮೊದಲ ಜೆನ್ ಉಂಟು. ಅದರ ಗೇರು ಹಾಕುವಾಗಿನ ಹಿತ, ತಿರುವಿನಲ್ಲಿ ಅದು ನೆಲವನ್ನು ಹಿಡಿಯುವ ರೀತಿ ಇಂದಿನ ಭಾರಿ ಗಾಡಿಗಳಿಗೆ ಬಾರದು. ಆದರೆ ಆ ರೂಪದ ಜೆನ್ 2006ಕ್ಕೆ ಮುಗಿದುದರಿಂದ ಅದರ ವಯಸ್ಸಿನ ತೊಡಕು ಹೆಚ್ಚು. ಇವೆರಡೂ ಬೇಡವೆಂದರೆ 2000ದಲ್ಲಿ ಬಂದ ಆಲ್ಟೊ ಇದೆ. ಅದು ಕವಿಯಲ್ಲ, ಆದರೆ ಪ್ರಾಮಾಣಿಕ ಗುಮಾಸ್ತ.

'ಇಂಥ ಬಡ ಗಾಡಿಯಲ್ಲಿ ಏನು ವಿನೋದ?' ಎನ್ನುವವರುಂಟು. ವಿನೋದವಿರುವುದು ಶಕ್ತಿಯಲ್ಲಲ್ಲ, ಇರುವ ಶಕ್ತಿಯನ್ನೆಲ್ಲ ಬಳಸುವುದರಲ್ಲಿ. ಬೀದರ ಸುಮಾರು 2,300 ಅಡಿ ಎತ್ತರದ ಜಂಬಿಟ್ಟಿಗೆಯ ದಿಬ್ಬದ ಮೇಲಿದೆ. ಔರಾದದ ಹಾದಿ ಹಿಡಿದರೆ ಕೆಂಪು ನೆಲ ಕಳೆದು ದಾರಿ ಮಾಂಜ್ರಾ ನದಿಯ ಕಡೆಗೆ ಇಳಿಯುತ್ತದೆ. ಸೇತುವೆ ದಾಟಿದ ಮೇಲೆ ಎರಡೂ ಕಡೆ ಕರಿಯ ಎರೆ ಹೊಲಗಳು, ತೊಗರಿ, ಜೋಳ. ಮರಳಿ ಬರುವಾಗ ಏರು. ದೊಡ್ಡ ಕಾರಿನವನಿಗೆ ಆ ಏರು ಇದೆಯೆಂಬುದೇ ತಿಳಿಯುವುದಿಲ್ಲ. ಚಿಕ್ಕ ಕಾರಿನವನು ಎಂಜಿನ್ನಿನ ದನಿ ಕೇಳಿ, ಮೂರನೆಯ ಗೇರಿಗೆ ಇಳಿಸಿ, ಗಾಡಿಯೊಡನೆ ತಾನೂ ಏರುತ್ತಾನೆ. ಗಂಟೆಗೆ ಅರವತ್ತು ಕಿಲೋಮೀಟರು ವೇಗದಲ್ಲಿ ಅವನಿಗೆ ದೊರೆಯುವ ಸುಖ ಇವನಿಗೆ ನೂರರಲ್ಲಿಯೂ ದೊರೆಯದು.

ಇನ್ನು ಪರೀಕ್ಷೆಯ ಮಾತು. ಇದರಲ್ಲಿ ನಮಗೆ ಗುರುಗಳು ಬೇರೆ ಬೇಕಾಗಿಲ್ಲ. ದೇವಣಿ ಎತ್ತು ಕೊಳ್ಳುವ ರೈತ ದಲ್ಲಾಳಿಯ ಮಾತು ಕೇಳಿಸಿಕೊಳ್ಳುತ್ತಾನೆ, ಆದರೆ ನಂಬುವುದು ತನ್ನ ಕಣ್ಣನ್ನು. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬಿದರಿ ಕಲೆಯ ಕುಶಲಿಗಳು ಕೋಟೆಯ ಮಣ್ಣನ್ನು ನಾಲಿಗೆಯ ಮೇಲಿಟ್ಟು ಪರೀಕ್ಷಿಸುವರೆಂಬುದು ಲೋಕಪ್ರಸಿದ್ಧ. ಹಳೆಯ ಕಾರಿಗೂ ಇದೇ ನ್ಯಾಯ. 'ಡಾಕ್ಟರ್ ಸಾಹೇಬರ ಗಾಡಿ ಅದರೀ ಸರ, ಬರೀ ದವಾಖಾನಿಗಿ ಹೋಗಿ ಬಂದದ' ಎಂದು ಮಾರುವವನು ಹೇಳುತ್ತಾನೆ. ಹೇಳಲಿ. ನೀವು ಬೆಳಗ್ಗೆ, ಎಂಜಿನ್ನು ತಣ್ಣಗಿರುವಾಗ ಹೋಗಿ. ನೀವು ಬರುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಸಂಶಯಪಡಿ. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಸೇರಿದೆ. ಕರಿ ಹೊಗೆಯಾದರೆ ಪೆಟ್ರೋಲು ಹೆಚ್ಚು ಉರಿಯುತ್ತಿದೆ. ಆಯಿಲಿನ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಂಡರೆ ನಮಸ್ಕಾರ ಹೇಳಿ ಹಿಂದಿರುಗಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಸವೆಯದ ಟೈರೂ ಮುದಿಯಾಗಿರಬಹುದು. ಟೈಮಿಂಗ್ ಬೆಲ್ಟು ಯಾವಾಗ ಬದಲಾಯಿತೆಂದು ಕೇಳಿ. ಉತ್ತರ ತೊದಲಿದರೆ ಅದರ ವೆಚ್ಚವನ್ನು ಬೆಲೆಯಲ್ಲಿ ಕಳೆಯಿರಿ. ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲ್ ಬೆರೆಯುವುದರಿಂದ ಹಳೆಯ ರಬ್ಬರು ಕೊಳವೆಗಳನ್ನೂ ನೋಡಬೇಕು. ತುಕ್ಕಿನ ವಿಷಯದಲ್ಲಿ ಮಾತ್ರ ಬೀದರ ನಮಗೆ ಉಪಕಾರಿ. ಇಲ್ಲಿಯ ಒಣಹವೆ ಕಡಲತೀರದ ಉಪ್ಪುಗಾಳಿಯಂತೆ ತಗಡನ್ನು ತಿನ್ನುವುದಿಲ್ಲ. ಆದರೂ ಕಾಲಡಿಯ ಹಾಸನ್ನು ಎತ್ತಿ ನೋಡದೆ ಬರಬೇಡಿ. ಕೊನೆಗೆ, ನಿಮಗೆ ಗೊತ್ತಿರುವ ಮಿಸ್ತ್ರಿಯೊಬ್ಬರನ್ನು ಕರೆದೊಯ್ದು, ಅವರ ಅರ್ಧ ದಿನದ ಕೂಲಿಯನ್ನು ಸಂತೋಷದಿಂದ ಕೊಡಿ. ಇಡೀ ವ್ಯವಹಾರದಲ್ಲಿ ಅದರಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಯಂತ್ರಕ್ಕಿಂತ ಕಾಗದಪತ್ರ ಮುಖ್ಯ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಈ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ಅದನ್ನು ಇನ್ನೂ ಏರಿಸಲಾಯಿತು. 2013ರಲ್ಲಿ ನೋಂದಾಯಿತವಾದ ಗಾಡಿಗೆ 2028ರಲ್ಲಿ ಗಡುವು. ನಿಮ್ಮ ಎರಡು ವರ್ಷ ಆ ಗಡುವಿನ ಈಚೆಗೆ ಮುಗಿಯುವುದೋ ಆಚೆಗೆ ಮುಗಿಯುವುದೋ ಎಂಬುದನ್ನು ಬೆಲೆ ಮಾತನಾಡುವ ಮೊದಲೇ ಎಣಿಸಿ. ನಮ್ಮದು ಗಡಿಯ ಜಿಲ್ಲೆ. ರಸ್ತೆಯ ಮೇಲೆ ಬೀದರಿನ ಕೆಎ 38, ಭಾಲ್ಕಿಯ ಕೆಎ 39ರ ಜೊತೆಗೆ ಮಹಾರಾಷ್ಟ್ರದ, ತೆಲಂಗಾಣದ ಫಲಕಗಳೂ ಓಡಾಡುತ್ತವೆ. ಉದಗೀರದಲ್ಲೋ ಜಹೀರಾಬಾದಿನಲ್ಲೋ ನಾಲ್ಕು ಕಾಸು ಕಡಿಮೆಗೆ ಸಿಕ್ಕಿತೆಂದು ತಂದರೆ, ಆ ರಾಜ್ಯದ ನಿರಾಕ್ಷೇಪಣ ಪತ್ರ, ಹನ್ನೆರಡು ತಿಂಗಳು ಮೀರಿದರೆ ಹೊಸ ನೋಂದಣಿ, ಇಲ್ಲಿಯ ತೆರಿಗೆ ಎಲ್ಲವೂ ಬೆನ್ನು ಹತ್ತುತ್ತವೆ. ಅಲ್ಪಕಾಲದ ಯಜಮಾನನಿಗೆ ಸ್ವಂತ ಜಿಲ್ಲೆಯ ಫಲಕವೇ ಕ್ಷೇಮ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. 'ಎರಡು ವರ್ಷಕ್ಕೆ ಹೆಸರು ಬದಲಾಯಿಸುವ ರಗಳೆ ಏಕೆ? ಖಾಲಿ ನಮೂನೆಗೆ ಸಹಿ ಹಾಕಿಸಿಕೊಂಡರಾಯಿತು. ಮುಂದೆ ಕೊಳ್ಳುವವನು ನೋಡಿಕೊಳ್ಳುತ್ತಾನೆ' ಎಂಬ ಉಪದೇಶವನ್ನು ನಾನು ಅನೇಕ ಸಲ, ಓದಿದವರ ಬಾಯಿಂದಲೇ ಕೇಳಿದ್ದೇನೆ. ಇದು ಜಾಣತನದ ವೇಷ ತೊಟ್ಟ ಅನ್ಯಾಯ. ಕೊಟ್ಟವನು ಹದಿನಾಲ್ಕು ದಿನದಲ್ಲಿ, ಕೊಂಡವನು ಮೂವತ್ತು ದಿನದಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿಯಲ್ಲಿ ಕೊಟ್ಟ ತೀರ್ಪೊಂದು ಸಾಕ್ಷಿ. ಒಂದು ಕಾರು ಕೈಯಿಂದ ಕೈಗೆ ಹಲವರನ್ನು ದಾಟಿತ್ತು. ಹೆಸರು ಮಾತ್ರ ಮೊದಲಿನವನದೇ ಉಳಿದಿತ್ತು. ಅಪಘಾತವಾಗಿ ಒಂದು ಜೀವ ಹೋಯಿತು. ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವನೇ ಕಾಯಿದೆಯ ಕಣ್ಣಿಗೆ ಯಜಮಾನ, ಪರಿಹಾರದ ಹೊಣೆ ಅವನದೇ ಎಂದು ನ್ಯಾಯಾಲಯ ನಿರ್ಣಯಿಸಿತು. ಗಾಡಿಯನ್ನು ಮಾರಿ ಮರೆತುಬಿಟ್ಟ ಒಬ್ಬ ನಿವೃತ್ತ ಮಾಸ್ತರರ ಮನೆಗೆ ಇಂಥದೊಂದು ನೋಟೀಸು ಹೋಗುವುದನ್ನು ಊಹಿಸಿ. ಎರಡು ವರ್ಷ ಸುಖಪಟ್ಟವರು ನಾವು. ಹೊಣೆ ಹೊರುವವರು ಅವರು. ಕೊಂಡ ವಾರದಲ್ಲೇ ಹೆಸರು ಬದಲಾಯಿಸಿ, ವಿಮೆಯನ್ನೂ ನಮ್ಮ ಹೆಸರಿಗೆ ಮಾಡಿಸುವುದು ಕಾನೂನಿನ ಭಯದಿಂದ ಮಾಡುವ ಕೆಲಸವಾಗಬೇಕಾಗಿಲ್ಲ. ಅದು ಮರ್ಯಾದೆ. ಅದರಂತೆಯೇ, ಮಾರುವಾಗ ಗಾಡಿಯ ದೋಷಗಳನ್ನು ಒಂದು ಹಾಳೆಯಲ್ಲಿ ಬರೆದು, ರಿಪೇರಿಯ ರಸೀದಿಗಳೊಡನೆ ಮುಂದಿನವರ ಕೈಗೆ ಕೊಡಬೇಕು. ಬೆಲೆ ಎರಡು ಸಾವಿರ ಇಳಿದರೆ ಇಳಿಯಲಿ.

ನನ್ನ ವಾದಕ್ಕೆ ಗಂಭೀರವಾದ ಆಕ್ಷೇಪವೊಂದುಂಟು. ಅದನ್ನು ತೇಲಿಸಿಬಿಡುವುದು ಸರಿಯಲ್ಲ. ಈ ಹಳೆಯ ಕಾರುಗಳು ಇಂದಿನವುಗಳಷ್ಟು ಸುರಕ್ಷಿತವಲ್ಲ. ಚಾಲಕನ ಮುಂದಿನ ಏರ್‌ಬ್ಯಾಗು ಕಡ್ಡಾಯವಾದದ್ದು 2019ರ ಜುಲೈಯಿಂದ; ನಾನು ಹೇಳಿದ ಗಾಡಿಗಳೆಲ್ಲ ಅದಕ್ಕೆ ಹಿಂದಿನವು. ಆದುದರಿಂದ ಚಿಕ್ಕ ಮಕ್ಕಳನ್ನು ಕೂಡಿಸಿಕೊಂಡು ದಿನವೂ ಹೆದ್ದಾರಿಯಲ್ಲಿ ಓಡಾಡಬೇಕಾದವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರು ಇನ್ನಷ್ಟು ಹಣ ಕೂಡಿಸಿ ಈಚಿನ ಗಾಡಿಯನ್ನೇ ಕೊಳ್ಳಲಿ. ಒಬ್ಬರೋ ಇಬ್ಬರೋ, ಬೆಲ್ಟು ಕಟ್ಟಿಕೊಂಡು, ಹಗಲಿನಲ್ಲಿ, ಮಿತವಾದ ವೇಗದಲ್ಲಿ ಹೋಗುವವರಿಗೆ ಮಾತ್ರ ನನ್ನ ಸಲಹೆ. ಬ್ರೇಕು, ಟೈರು, ದೀಪ, ಈ ಮೂರರಲ್ಲಿ ಒಂದು ಕಾಸನ್ನೂ ಉಳಿಸಬಾರದು. ಹೊಗೆಯ ಪ್ರಮಾಣಪತ್ರವನ್ನು ನಿಜವಾದ ಪರೀಕ್ಷೆ ಮಾಡಿಸಿಯೇ ಪಡೆಯಬೇಕು.

ಇಷ್ಟು ಮಾಡಿ ಕೊಂಡ ಗಾಡಿ ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆ? ಬಹಮನಿ ಸುಲ್ತಾನರು ಮಲಗಿರುವ ಅಷ್ಟೂರಿಗೆ. ಅಲ್ಲಿ ಅಹಮದ್ ಷಾ ವಲಿಯ ಗೋರಿಯ ಮುಂದೆ ಹಿಂದೂ ಮುಸಲ್ಮಾನರು ಕೂಡಿ ಜಾತ್ರೆ ಮಾಡುತ್ತಾರೆ. ಭಾಲ್ಕಿಯ ಹಿರೇಮಠಕ್ಕೆ; ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಮಠ ಅದು. ಔರಾದದ ಅಮರೇಶ್ವರನ ಗುಡಿಗೆ. ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯಿರುವ ಜಲಸಂಗಿಗೆ. ದಿನ ಎಣಿಸಲು ಬಂದ ಅಧ್ಯಾಪಕರು ಭಾನುವಾರಗಳನ್ನು ಎಣಿಸತೊಡಗಿದ್ದನ್ನು ನಾನು ಕಂಡಿದ್ದೇನೆ. ಎರಡೇ ವರ್ಷವೆಂದು ಊರನ್ನು ಅಲಕ್ಷಿಸುವುದೂ, ಎರಡೇ ವರ್ಷವೆಂದು ಗಾಡಿಯ ಹೆಸರು ಬದಲಾಯಿಸದಿರುವುದೂ ಒಂದೇ ಮನೋವೃತ್ತಿಯ ಎರಡು ಮುಖಗಳು. ಸ್ವಲ್ಪ ಕಾಲ ಮಾತ್ರ ನಮ್ಮದಾಗಿರುವ ವಸ್ತುವನ್ನೂ ನಮ್ಮ ಹೆಸರಿನಲ್ಲೇ, ನಮ್ಮ ಹೊಣೆಯಲ್ಲೇ ಇಟ್ಟುಕೊಂಡು ಬಾಳಿಸುವುದನ್ನು ಒಂದು ಹಳೆಯ ಚಿಕ್ಕ ಕಾರು ಕಲಿಸಬಲ್ಲುದಾದರೆ, ಅದಕ್ಕೆ ತೆತ್ತ ಹಣ ಹೆಚ್ಚಾಯಿತೆಂದು ನಾನು ಹೇಳಲಾರೆ.