ಅಶ್ಲೀಲವೆಂದು ಕಪಾಟಿನಿಂದ ಇಳಿಸಿದ್ದು ಏನನ್ನು?

2025ರ ಆಗಸ್ಟ್ ಕೊನೆಯಲ್ಲಿ ಕೆನಡಾದ ಎಡ್ಮಂಟನ್ ನಗರದ ಸಾರ್ವಜನಿಕ ಶಾಲಾ ಮಂಡಳಿ, ಗ್ರಂಥಾಲಯಗಳಿಂದ ತೆಗೆಯಬೇಕಾದ 200ಕ್ಕೂ ಹೆಚ್ಚು ಪುಸ್ತಕಗಳ ಪಟ್ಟಿ ಮಾಡಿತು. ಲೈಂಗಿಕ ವಿವರಗಳಿರುವ ಪುಸ್ತಕ ಶಾಲೆಯಲ್ಲಿರಬಾರದೆಂಬ ಆಲ್ಬರ್ಟಾ ಪ್ರಾಂತ್ಯದ ಆದೇಶವೇ ಅದಕ್ಕೆ ಕಾರಣ. ಆ ದೇಶದವರೇ ಆದ ಮಾರ್ಗರೆಟ್ ಆಟ್ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕೂಡ ಪಟ್ಟಿಯಲ್ಲಿತ್ತು. ಗದ್ದಲವೆದ್ದ ಮೇಲೆ ಆದೇಶವನ್ನು ಚಿತ್ರಗಳಿಗಷ್ಟೇ ಸೀಮಿತಗೊಳಿಸಿದರು. ಅಮೆರಿಕದ ಹಲವು ಶಾಲೆಗಳಲ್ಲೂ ಇದೇ ಆರೋಪ ಹೊತ್ತು ಈ ಕಾದಂಬರಿ ಕಪಾಟಿನಿಂದ ಇಳಿದಿದೆ.

ಆ ಆರೋಪವನ್ನೇ ನಾನು ಒಪ್ಪುವುದಿಲ್ಲ. 1985ರಲ್ಲಿ ಬಂದ ಈ ಕಾದಂಬರಿಯ ಗಿಲಿಯಡ್ ರಾಜ್ಯದಲ್ಲಿ, ಹೆರಬಲ್ಲ ಹೆಂಗಸರನ್ನು ಅಧಿಕಾರಿಗಳ ಮನೆಗಳಿಗೆ ಹಂಚುತ್ತಾರೆ. ತಿಂಗಳಿಗೊಮ್ಮೆ, ಧರ್ಮಗ್ರಂಥ ಓದಿದ ಮೇಲೆ, ಅಧಿಕಾರಿಯ ಹೆಂಡತಿಯ ಎದುರಲ್ಲೇ ಅತ್ಯಾಚಾರ ನಡೆಯುತ್ತದೆ. ಇದಕ್ಕೆ ಆಧಾರವಾಗಿ ಹಿಡಿಯುವುದು ಬೈಬಲಿನ ಆದಿಕಾಂಡವನ್ನು: ಮಕ್ಕಳಾಗದ ರಾಹೇಲಳು ತನ್ನ ದಾಸಿ ಬಿಲ್ಹಾಳನ್ನು ಗಂಡ ಯಾಕೋಬನಿಗೆ ಒಪ್ಪಿಸಿದ ಕಥೆ. ಬಿಲ್ಹಾಳಿಗೆ ಇಷ್ಟವಿತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅವಳು ಒಂದು ಮಾತೂ ಆಡುವುದಿಲ್ಲ. ಆಟ್ವುಡ್ ಆ ದಾಸಿಗೆ ಬಾಯಿ ಕೊಟ್ಟರು. ಆ ಪುಟಗಳಲ್ಲಿರುವುದು ಮರಗಟ್ಟಿದ ಮೈ, ಬೇರೆಲ್ಲೋ ನೆಟ್ಟ ಮನಸ್ಸು. ಕೆರಳಿಸುವಂಥದ್ದು ಏನೂ ಇಲ್ಲ. ಅತ್ಯಾಚಾರಕ್ಕೊಳಗಾದವಳು ತನಗೇನಾಯಿತೆಂದು ಹೇಳಿದ್ದನ್ನು ಅಶ್ಲೀಲ ಎಂದರೆ, ಬಿಲ್ಹಾಳನ್ನು ಮತ್ತೆ ಸುಮ್ಮನಿರಿಸಿದಂತೆ.

ಹದಿಹರೆಯದವರಿಗೆ ಇಷ್ಟು ಕ್ರೌರ್ಯ ಬೇಕೇ ಎನ್ನುವ ತಾಯ್ತಂದೆಯರ ಆತಂಕ ಸುಳ್ಳಲ್ಲ. ಆದರೆ ಈ ಕ್ರೌರ್ಯ ಕಟ್ಟುಕಥೆಯಲ್ಲ. ಮನುಷ್ಯರು ಎಲ್ಲಿಯೂ ಎಂದೂ ಮಾಡಿರದ ಯಾವುದನ್ನೂ ಸೇರಿಸಬಾರದೆಂದು ಲೇಖಕಿ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡಿದ್ದರು. ರುಮೇನಿಯಾದಲ್ಲಿ 1966ರ 770ನೇ ಶಾಸನ ಗರ್ಭಪಾತಕ್ಕೆ ತಡೆಯೊಡ್ಡಿತು. 1980ರ ದಶಕದಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಕೆಲಸದ ಜಾಗದಲ್ಲೇ ಗರ್ಭ ನಿಂತಿದೆಯೇ ಎಂದು ಪರೀಕ್ಷಿಸಿದರು. ಅರ್ಜೆಂಟೀನಾದ ಸೇನಾ ಆಡಳಿತ ಸೆರೆಯಲ್ಲಿದ್ದ ಬಾಣಂತಿಯರ ಕೂಸುಗಳನ್ನು ಕಸಿದು ಬೇಕಾದವರಿಗೆ ಕೊಟ್ಟಿತು. ಅಜ್ಜಿಯರು 1977ರಲ್ಲಿ ಸಂಘ ಕಟ್ಟಿಕೊಂಡು ಮೊಮ್ಮಕ್ಕಳನ್ನು ಹುಡುಕಹೊರಟರು. ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಗುಲಾಮರಾಗಿದ್ದ ಕಪ್ಪು ಹೆಂಗಸರ ಪಾಡನ್ನು ಎತ್ತಿಕೊಂಡ ಕಾದಂಬರಿ ಕಪ್ಪು ಜನರನ್ನೇ ಕಥೆಯಿಂದಾಚೆ ಸಾಗಹಾಕಿತೆಂಬ ಟೀಕೆ ನ್ಯಾಯವಾದದ್ದು. ನನಗೂ ಅದು ಚುಚ್ಚುತ್ತದೆ. ತರಗತಿಯಲ್ಲಿ ಆ ಜಗಳ ನಡೆಯಬೇಕಾದರೂ ಮೇಜಿನ ಮೇಲೆ ಪುಸ್ತಕವಿರಬೇಕು.

ಗಿಲಿಯಡ್‌ನಲ್ಲಿ ಅಂಗಡಿ ಬೋರ್ಡಿನ ಅಕ್ಷರಗಳನ್ನೂ ಅಳಿಸಿ ಚಿತ್ರ ಬರೆದಿರುತ್ತಾರೆ, ಹೆಂಗಸರು ಓದಬಾರದೆಂದು. ಅದಕ್ಕೂ ಮುಂಚೆ ಹೆಂಗಸರೆಲ್ಲರ ಬ್ಯಾಂಕ್ ಖಾತೆ ಮುಚ್ಚಿರುತ್ತದೆ, ನೌಕರಿ ಹೋಗಿರುತ್ತದೆ, ದುಡ್ಡು ಮನೆಯ ಗಂಡಸಿನ ಕೈ ಸೇರಿರುತ್ತದೆ. ಇದು ಕಥೆಯಲ್ಲಷ್ಟೇ ಅಲ್ಲ: ಅಫ್ಘಾನಿಸ್ತಾನದಲ್ಲಿ 2021ರಿಂದ ಆರನೇ ತರಗತಿ ದಾಟಿದ ಹುಡುಗಿಗೆ ಶಾಲೆಯಿಲ್ಲ. 2022ರ ಡಿಸೆಂಬರಿನಲ್ಲಿ ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. ಕಾಬೂಲಿನ ಹದಿನಾಲ್ಕರ ಹುಡುಗಿ ಬದುಕುತ್ತಿರುವುದನ್ನು ಎಡ್ಮಂಟನ್ನಿನ ಅದೇ ವಯಸ್ಸಿನವಳು ಓದಲೂ ಬಾರದೆಂದು ಪಟ್ಟಿ ಮಾಡಿದವರು, ಅದಕ್ಕೂ ಮುನ್ನ ಆದಿಕಾಂಡದಲ್ಲಿ ಬಿಲ್ಹಾಳ ಕಥೆಯಿರುವ ಅಧ್ಯಾಯವನ್ನಾದರೂ ಓದಿದ್ದರೇ? ಆ ಶಾಲೆಗಳ ಹುಡುಗಿಯರು ಇದನ್ನು ಕೇಳಬೇಕು, ಉತ್ತರ ಬರುವವರೆಗೂ ಕೇಳಬೇಕು.