ಅಂದದ ಹೂವಷ್ಟೇ ಸಾಲದು

ಕಲಘಟಗಿ ತಾಲ್ಲೂಕಿನ ದುಮ್ಮವಾಡದಲ್ಲಿ ನನ್ನ ಹಿತ್ತಲಿನ ಕುಂಬಳದ ಬಳ್ಳಿ ಒಂದು ವರ್ಷ ಕಣ್ತುಂಬ ಹೂಬಿಟ್ಟಿತು. ಆದರೆ ಎಳೆ ಮಿಡಿಗಳೆಲ್ಲ ಹಳದಿಗಟ್ಟಿ ಉದುರಿದವು. ಗೊಬ್ಬರ, ನೀರಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಜೇನ್ನೊಣಗಳದು. ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಬೆಳಗಿನ ಕೆಲವೇ ಗಂಟೆಗಳಲ್ಲಿ ಪರಾಗವನ್ನು ಒಯ್ಯುವ ಕೀಟ ಬಾರದಿದ್ದರೆ ಕಾಯಿ ನಿಲ್ಲದು.

ತಪ್ಪು ನನ್ನದೇ ಆಗಿತ್ತು. ಅಂಗಳದ ತುಂಬ ನಾನು ಬೆಳೆಸಿದ್ದು ಕ್ರೋಟನ್, ಹುಲ್ಲುಹಾಸು ಮತ್ತು ಬಹುದಳದ ದಾಸವಾಳ. ಇಂತಹ ಹೂಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುದರಿಂದ ನೋಟಕ್ಕೆ ಹಬ್ಬವಾದರೂ ಕೀಟಗಳಿಗೆ ಉಪವಾಸವೇ ಗತಿ.

ಅರ್ಥಶಾಸ್ತ್ರಕ್ಕೆ ಈ ಸಮಸ್ಯೆ ಹೊಸದಲ್ಲ. ತೋಟದವನ ಹೂವಿನಿಂದ ಜೇನು ಸಾಕುವವನಿಗೆ ಪುಕ್ಕಟೆ ಲಾಭವಾಗುತ್ತದೆ, ಮಾರುಕಟ್ಟೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಜೇಮ್ಸ್ ಮೀಡ್ 1952ರಲ್ಲಿ ವಾದಿಸಿದರು. ಅಮೆರಿಕದ ತೋಟಗಾರರೂ ಜೇನು ಸಾಕುವವರೂ ಹಣ ಗೊತ್ತುಮಾಡಿ ಕರಾರು ಮಾಡಿಕೊಳ್ಳುತ್ತಾರೆಂದು 1973ರಲ್ಲಿ ಸ್ಟೀವನ್ ಚೆಯುಂಗ್ ತೋರಿಸಿಕೊಟ್ಟರು. ಆದರೆ ನಮ್ಮ ಹೆಜ್ಜೇನು, ಕೋಲುಜೇನುಗಳಿಗೆ ಒಡೆಯನಿಲ್ಲ. ಅವುಗಳೊಡನೆ ಕರಾರು ಮಾಡಿಕೊಳ್ಳುವವರಾರು? ಆಹಾರ, ಆಸರೆ ಒದಗಿಸುವುದೊಂದೇ ನಾವು ತೆರಬಹುದಾದ ಬೆಲೆ.

ಆದ್ದರಿಂದ ಗಿಡಗಳ ಆಯ್ಕೆಯಲ್ಲಿ ಬಣ್ಣಕ್ಕಿಂತ ಪಂಚಾಂಗ ಮುಖ್ಯ: ವರ್ಷದ ಯಾವ ತಿಂಗಳೂ ಹೂವಿಲ್ಲದೆ ಕಳೆಯಬಾರದು. ಬೇಸಿಗೆಗೆ ಹೊಂಗೆ, ಬೇವು, ಮಳೆಗಾಲಕ್ಕೆ ತುಂಬೆ, ಮಳೆ ಹಿಂದೆ ಸರಿಯುವಾಗ ಗುರೆಳ್ಳು, ಚಳಿಗಾಲಕ್ಕೆ ಕುಸುಬೆ, ಕೊತ್ತಂಬರಿ. ಇವುಗಳ ನಡುವೆ ನುಗ್ಗೆಯಿರಲಿ. ತುಳಸಿಯ ತೆನೆಗಳನ್ನೆಲ್ಲ ಚಿವುಟದೆ ಕೆಲವನ್ನಾದರೂ ಹೂವಾಗಲು ಬಿಡಬೇಕು. ನಗರದ ಬಾಲ್ಕನಿಯಲ್ಲಿರುವವರಿಗೂ ಇದು ಸಾಧ್ಯ. ಕರಿಬೇವು, ನಿಂಬೆಯ ಎಲೆ ಮೇಯುವ ಹುಳುವೇ ನಾಳಿನ ಚಿಟ್ಟೆಯೆಂಬುದನ್ನು ಮರೆತು ಔಷಧದ ಡಬ್ಬಿಗೆ ಕೈಹಾಕಬಾರದು. ನೆಲದಲ್ಲಿ ಗೂಡು ಮಾಡುವ ಒಂಟಿ ಜೇನುಗಳಿಗಾಗಿ ಒಂದು ಮೂಲೆಯನ್ನು ಅಗೆಯದೆ, ಸಿಮೆಂಟು ಹಾಕದೆ ಉಳಿಸಬೇಕು.

ನನ್ನ ಅಂಗಳವನ್ನು ಹೀಗೆ ಬದಲಿಸಿದ ಮೇಲೆ ಕುಂಬಳದಲ್ಲಿ ಕಾಯಿ ನಿಲ್ಲತೊಡಗಿದೆ. ಆದರೆ ಒಬ್ಬನ ಹಿತ್ತಲು ಜೇನಿನ ಹಾರಾಟದ ದೂರಕ್ಕೆ ಯಾವ ಲೆಕ್ಕ? ನಾನು ಬೆಳೆಸಿದ ತುಂಬೆಯಿಂದ ಹೊರಟ ನೊಣ ಪಕ್ಕದ ಹೊಲದಲ್ಲಿ ಹಗಲು ಹೊತ್ತಿನ ಸಿಂಪಡಣೆಗೆ ಸಿಕ್ಕರೆ ನಷ್ಟ ಇಬ್ಬರಿಗೂ. ಹೂಬಿಟ್ಟ ಬೆಳೆಗೆ ಔಷಧ ಅನಿವಾರ್ಯವೆನಿಸಿದರೆ ನೊಣಗಳು ಗೂಡಿಗೆ ಮರಳಿದ ನಂತರ, ಸಂಜೆಯ ವೇಳೆಯಾದರೂ ಸಿಂಪಡಿಸಬೇಕು. ಪಂಚಾಯಿತಿಗಳು ಬದುಗಳಲ್ಲಿ, ಶಾಲೆಯ ಆವರಣಗಳಲ್ಲಿ ಹೊಂಗೆ, ಬೇವು ಬೆಳೆಸಲು ಮುಂದಾಗಬೇಕು. ತರಕಾರಿ ಮಾರಿ ಬದುಕುವ ಸಣ್ಣ ರೈತನ ಪಾಲಿಗೆ ಇದು ಅಲಂಕಾರದ ಪ್ರಶ್ನೆಯಲ್ಲ, ಆದಾಯದ ಪ್ರಶ್ನೆ.